ಹತ್ತೊಂಬತ್ತು ಸಾಲುಗಳ ಕಳವು

"ಹತ್ತೊಂಬತ್ತು ಸಾಲು, ಮೇಡಂ. ಎರಡು ಸಲ ಎಣಿಸಿದ್ದೀನಿ."

ಎವರೆಟ್ ಡಾಲ್ಕೆ ಎರಡು ಹಾಳೆಗಳನ್ನು ಪ್ರೊಫೆಸರ್ ರೋವೀನಾ ಪಿಟ್ಸ್ ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಒಂದು ನಿನ್ನೆ ಮೊನ್ನೆ ಮುದ್ರಿಸಿದ್ದು. ಇನ್ನೊಂದು ಹಳದಿಗಟ್ಟಿದ ಟೈಪ್‌ರೈಟರ್ ಪ್ರತಿ. ಪ್ರೊಫೆಸರ್ ಅರ್ಧ ತಿಂದ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡರು.

ಕಾಲೇಜಿನ ಗೌರವ ಸಂಘಕ್ಕೆ ಅವರು ಹದಿನಾಲ್ಕು ವರ್ಷಗಳಿಂದ ಸಲಹೆಗಾರರು. ಎವರೆಟ್ ಈ ವರ್ಷದ ಕಾರ್ಯದರ್ಶಿ. ಇಪ್ಪತ್ತು ವರ್ಷ, ಇಸ್ತ್ರಿ ಮಾಡಿದ ಅಂಗಿ. ವಿಸ್ಕಾನ್ಸಿನ್‌ನ ಆ ಸಣ್ಣ ಊರಿನಲ್ಲಿ ಏಪ್ರಿಲ್ ಬಂದರೂ ಹಿಮ ಪೂರ್ತಿ ಕರಗಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಸಂಘ ಇಡೀ ಕಾಲೇಜಿನಿಂದ ಹನ್ನೆರಡು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಒಂದು ಶುಕ್ರವಾರ ಮೇಣದಬತ್ತಿ ಹಚ್ಚಿ, ದಪ್ಪ ಪುಸ್ತಕದಲ್ಲಿ ಅವರ ಸಹಿ ಹಾಕಿಸುತ್ತದೆ. ಅರ್ಜಿಯಲ್ಲಿ ಮೂರೇ ವಿಷಯ: ಹೆಸರು, ಅಂಕ, ಒಂದು ಪ್ರಬಂಧ. ಮುಖ ನೋಡಿ ಮಣೆ ಹಾಕಬಾರದೆಂದು ಫೋಟೊ ಕೂಡ ಕೇಳುವುದಿಲ್ಲ.

ಈ ಸಲದ ಅರ್ಜಿಗಳಲ್ಲಿ ಎಲ್ಲರೂ ಮೆಚ್ಚಿದ್ದು ಮಾರ್ಗಿಟ್ ಸೋರ್ಲಿಯ ಪ್ರಬಂಧವನ್ನು. ಅವಳನ್ನು ಯಾರೂ ಕಂಡಿರಲಿಲ್ಲ. ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಕೇಳುವ ವಿದ್ಯಾರ್ಥಿನಿ. ಅಂಕಗಳಲ್ಲಿ ಎವರೆಟ್‌ಗಿಂತ ಒಂದು ಕೂದಲಿನಷ್ಟು ಮುಂದೆ.

"ಹಳೇದು ಎಲ್ಲಿ ಸಿಕ್ತು?"

"ನೆಲಮಾಳಿಗೆಯ ಪೆಟ್ಟಿಗೇಲಿ. ಶುಕ್ರವಾರದ ಪ್ರದರ್ಶನಕ್ಕೆ ಹಳೆ ಕಾಗದ ಹುಡುಕ್ತಿದ್ದೆ. ಸಾವಿರದ ಒಂಬೈನೂರ ಎಂಬತ್ತನಾಲ್ಕರದು. ಬರೆದದ್ದು ಎಂ. ಬ್ರೆಕ್ಕೆ. ಸಂಘಕ್ಕೆ ಆಯ್ಕೆಯಾಗಿದ್ದರಂತೆ, ಆದ್ರೆ ಪುಸ್ತಕದಲ್ಲಿ ಸಹಿ ಇಲ್ಲ. ಆಮೇಲೆ ಕಾಲೇಜಿನ ಯಾವ ದಾಖಲೆಯಲ್ಲೂ ಆ ಹೆಸರಿಲ್ಲ. ಯಾರಿಗೂ ಗೊತ್ತಾಗಲ್ಲ ಅಂತ ಧೈರ್ಯವಾಗಿ ಕದ್ದಿದ್ದಾಳೆ."

ಪ್ರೊಫೆಸರ್ ಹಳೆಯ ಹಾಳೆಯನ್ನು ಓದಿದರು. 'ನಮ್ಮಪ್ಪನಿಗೆ ಓದಲು ಬರುವುದಿಲ್ಲ. ನಲವತ್ತು ಹಸುಗಳ ಹೆಸರನ್ನು ಮಾತ್ರ ತಪ್ಪದೆ ಹೇಳುತ್ತಾನೆ. ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತೇನೆ. ಕೆಟ್ಟ ಸುದ್ದಿಯನ್ನು ಕೊನೆಗೆ ಓದುತ್ತೇನೆ.' ಆಮೇಲೆ ಹೊಸದನ್ನು. 'ನಮ್ಮಪ್ಪನಿಗೆ ಓದಲು ಬರುತ್ತಿರಲಿಲ್ಲ. ನಲವತ್ತು ಹಸುಗಳ ಹೆಸರನ್ನು ಮಾತ್ರ ತಪ್ಪದೆ ಹೇಳುತ್ತಿದ್ದ.'

"ಜಾಣೆ," ಎಂದ ಎವರೆಟ್. "ಎಲ್ಲಾ ಕಡೆ 'ಹೇಳುತ್ತಾನೆ'ಯನ್ನ 'ಹೇಳುತ್ತಿದ್ದ' ಮಾಡಿದ್ದಾಳೆ. ಅಷ್ಟೇ ಬದಲಾವಣೆ. ಇನ್ನೊಬ್ಬರ ಅಪ್ಪನನ್ನೇ ಕದಿಯೋದು ಅಂದ್ರೆ! ನಾನು ನನ್ನ ಪ್ರಬಂಧವನ್ನ ಏಳು ಸಲ ತಿದ್ದಿದ್ದೀನಿ, ಮೇಡಂ."

"ಅದು ಓದಿದ್ರೇ ಗೊತ್ತಾಗುತ್ತೆ," ಎಂದರು ಪ್ರೊಫೆಸರ್.

ಎವರೆಟ್ ಅದನ್ನು ಹೊಗಳಿಕೆಯೆಂದು ತಿಳಿದು, ಜೇಬಿನಿಂದ ಡೀನ್‌ಗೆ ಬರೆದ ಪತ್ರ ತೆಗೆದ. ಸಲಹೆಗಾರರ ಸಹಿಯೊಂದು ಬಾಕಿ. ಅದು ಬಿದ್ದರೆ ಹುಡುಗಿಯ ಹೆಸರು ಪಟ್ಟಿಯಿಂದ ಹೋಗುತ್ತದೆ, ಕಾಲೇಜಿನಿಂದಲೂ ಹೋಗುತ್ತದೆ. ಪದವಿಗೆ ಇನ್ನು ಐದೇ ವಾರವಿತ್ತು. ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಮೊದಲು ಅವಳನ್ನ ಒಂದು ಮಾತು ಕೇಳೋಣ."

ಫೋನಿನ ಸ್ಪೀಕರ್ ಹಾಕಿದರು. ಆ ಕಡೆ ತಟ್ಟೆ ಚಮಚಗಳ ಸದ್ದು, ನೆಗಡಿಯಾದಂಥ ದನಿ.

"ಇಲ್ಲಿ ಒಬ್ಬರಿಗೆ ಊಟ ಮಾಡಿಸ್ತಿದ್ದೀನಿ. ಬೇಗ ಹೇಳಿ."

"ಮಾರ್ಗಿಟ್, ಎಂ. ಬ್ರೆಕ್ಕೆ ಅನ್ನೋರು ಗೊತ್ತಾ ನಿಂಗೆ?"

ಚಮಚದ ಸದ್ದು ನಿಂತಿತು. "ಗೊತ್ತು."

"ಅವರ ಪ್ರಬಂಧ ಓದಿದ್ದೀಯಾ?"

"ಬಾಯಿಪಾಠ ಆಗಿದೆ."

ಎವರೆಟ್ ತಡೆಯಲಾರದೆ ಮುಂದೆ ಬಾಗಿದ. "ಹಾಗಾದ್ರೆ ಅದರಿಂದ್ಲೇ ಎತ್ತಿದ್ದು?"

"ಹೌದಪ್ಪ. ಅದಕ್ಕಿಂತ ಚೆನ್ನಾಗಿ ಬರೆಯೋಕೆ ಆಗ್ಲಿಲ್ಲ. ಪ್ರಯತ್ನ ಪಟ್ಟೆ."

"ಅವರನ್ನ ಒಂದು ಮಾತು ಕೇಳಿದ್ಯಾ?" ಎಂದರು ಪ್ರೊಫೆಸರ್.

"ಅವಳು ಬೇಡ ಅನ್ನಲ್ಲ."

ಎವರೆಟ್ ಹುಬ್ಬೇರಿಸಿದ. ಬ್ರೆಕ್ಕೆ ಬದುಕಿದ್ದಾರೆ! ಪ್ರೊಫೆಸರ್ ಕೂಡ ಕುರ್ಚಿಯಲ್ಲಿ ನೆಟ್ಟಗಾದರು. "ಈಗೆಲ್ಲಿದ್ದಾರೆ ಅವರು?"

"ಇಲ್ಲೇ, ಈ ವೃದ್ಧಾಶ್ರಮದಲ್ಲೇ."

"ಮೂರು ಗಂಟೆಗೆ ನನ್ನ ಕೋಣೆಗೆ ಬಾ. ಅವರಿಗೆ ನಡೆಯೋಕೆ ಆಗೋದಾದ್ರೆ ಅವರನ್ನೂ ಕರ್ಕೊಂಡು ಬಾ."

"ನಡೀತಾಳೆ," ಎಂದಿತು ದನಿ. "ಕರ್ಕೊಂಡು ಬರ್ತೀನಿ." ಫೋನು ಕಟ್ಟಾಯಿತು.

"ಅಷ್ಟು ಸಲೀಸಾಗಿ ಒಪ್ಕೊಂಡ್ಲಲ್ಲ!" ಎಂದ ಎವರೆಟ್. "ಪಾಪ, ಆ ಅಜ್ಜಿಗೆ ಊಟ ಮಾಡಿಸ್ತಾ ಮಾಡಿಸ್ತಾ ಕಥೆಯನ್ನೆಲ್ಲ ಬಾಯಿ ಬಿಡಿಸಿದ್ದಾಳೆ."

ಪ್ರೊಫೆಸರ್ ಡೀನ್‌ಗೆ ಬರೆದ ಪತ್ರವನ್ನು ಇನ್ನೊಮ್ಮೆ ಓದಿ, ನಿಟ್ಟುಸಿರಿಟ್ಟು, ಸಹಿ ಮಾಡಬೇಕಾದ ಜಾಗದ ಮೇಲೆ ಪೆನ್ನನ್ನು ಸಿದ್ಧವಾಗಿ ಇಟ್ಟರು. ಕಳವು ಕಳವೇ, ಪ್ರಬಂಧ ಎಷ್ಟು ಚೆನ್ನಾಗಿದ್ದರೂ.

ಎವರೆಟ್ ಎರಡು ಕುರ್ಚಿ ತಂದು ಹಾಕಿದ. ಅಜ್ಜಿಗೆಂದು ಕೈಯಿರುವ ಕುರ್ಚಿ, ಹುಡುಗಿಗೆ ಮರದ್ದು. ಸರಿಯಾಗಿ ಮೂರಕ್ಕೆ ಬಾಗಿಲು ತಟ್ಟಿದ ಸದ್ದಾಯಿತು.

ಬಂದದ್ದು ಒಬ್ಬರೇ. ಅರವತ್ತರ ಆಸುಪಾಸು, ಮೋಟುಗೂದಲು ಪೂರ್ತಿ ಬೆಳ್ಳಗೆ, ಬೂಟಿನ ತುಂಬ ಹಿಮದ ಕೆಸರು. ಎವರೆಟ್ ಕೈಯಿರುವ ಕುರ್ಚಿಯನ್ನು ಮುಂದೆ ಸರಿಸಿದ. ಹೆಂಗಸು ಅದರಲ್ಲಿ ಕೋಟನ್ನಿಟ್ಟು, ಮರದ ಕುರ್ಚಿಯಲ್ಲಿ ಕುಳಿತರು. ಮೇಜಿನ ಮೇಲಿದ್ದ ಹಳದಿ ಹಾಳೆ ಕಣ್ಣಿಗೆ ಬಿತ್ತು. ಅದನ್ನು ಮುಟ್ಟಲಿಲ್ಲ, ಸ್ವಲ್ಪ ಹೊತ್ತು ನೋಡಿದರು, ಅಷ್ಟೇ.

"ತಡ ಆಯ್ತು, ಕ್ಷಮಿಸಿ. ಅಪ್ಪ ಹಾಸಿಗೆ ಹಿಡಿದ್ರು, ಹಸುಗಳನ್ನ ನೋಡೋರಿರ್ಲಿಲ್ಲ."

"ತಡ ಏನಿಲ್ಲಮ್ಮಾ, ಈಗಷ್ಟೇ ಮೂರು ಹೊಡೀತು," ಎಂದ ಎವರೆಟ್, ಬಾಗಿಲಿನ ಆಚೆ ಇಣುಕುತ್ತ. "ಮಾರ್ಗಿಟ್ ಸೋರ್ಲಿ ಎಲ್ಲಿ? ಬರಲಿಲ್ವಾ?"

"ನಾನೇ ಮಾರ್ಗಿಟ್ ಸೋರ್ಲಿ, ಬ್ರೆಕ್ಕೆ ನನ್ನ ಮದುವೆಗೆ ಮುಂಚಿನ ಹೆಸರು. ಮತ್ತೆ, ತಡ ಅಂದಿದ್ದು ಮೂರು ಗಂಟೆಗಲ್ಲ ತಮ್ಮಾ, ಎಂಬತ್ತನಾಲ್ಕರ ಶುಕ್ರವಾರಕ್ಕೆ."