ಹುಲಿಗೆಮ್ಮ ಕೊಟ್ಟ ವ

ಹುಲಿಗೆಮ್ಮನಂಥ ಹಗುರ ಕೈ ಏಳು ಜಿಲ್ಲೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವಳು ಸೂಜಿ ಚುಚ್ಚುವುದನ್ನು ನೋಡಿ ಕಲಿಯಲು ಸೊಳ್ಳೆಗಳೇ ಕಾಲೇಜಿನ ಕಿಟಕಿಗೆ ಸಾಲುಗಟ್ಟುತ್ತಿದ್ದವು. ಶಿಶುಶಿಕ್ಷಣ, ನರ್ಸಿಂಗ್ ಎರಡೂ ಸೇರಿ ಒಂದೇ ಪದವಿಯಾಗಿ ಮೂವತ್ತು ವರ್ಷವಾಗಿತ್ತು. ಮಕ್ಕಳಿಗೆ ಅಕ್ಷರಗಳನ್ನು ಈಗ ತೋಳಿಗೇ ಚುಚ್ಚಿ ಕಲಿಸುತ್ತಿದ್ದರು. ಒಬ್ಬರ ರಕ್ತದಿಂದ ತೆಗೆದ ಅಕ್ಷರ ಇನ್ನೊಬ್ಬರ ನಾಲಿಗೆಗೆ ಹೋಗುತ್ತಿತ್ತು, ಕೊಟ್ಟವರಿಗೆ ಮತ್ತೆ ಬರುತ್ತಿರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ವಿದ್ಯಾರ್ಥಿನಿ ತನ್ನದೇ ಒಂದು ಅಕ್ಷರ ಕೊಡಬೇಕು.

ಹುಲಿಗೆಮ್ಮ ಎತ್ತಿದ ಚೀಟಿಯಲ್ಲಿ 'ವ' ಇತ್ತು.

"ಮೇಡಂ, ಬ್ಯಾರೆ ಚೀಟಿ ಕೊಡ್ರಿ. ಇದು ಹೋದ್ರ ನಮ್ಮವ್ವನ್ನ ಏನಂತ ಕರೀಲಿ?"

"ಹೋದ ವರ್ಷ ಒಬ್ಬಾಕಿ 'ನ' ಕೊಟ್ಲು. ಈಗ 'ನಾನು' ಅನ್ನಾಕ ಬರಂಗಿಲ್ಲ, ಆಕಿ ಸಂಸಾರ ಎಷ್ಟು ಸುಖದಾಗೈತಿ ನೋಡು! ಚುಚ್ಚವಾ, ಇಲ್ಲಂದ್ರ ನಾಕು ವರ್ಷದ ಓದು ನೀರಪಾಲು."

ಹುಲಿಗೆಮ್ಮ ತನ್ನ ತೋಳಿನಿಂದ ಹನಿ ರಕ್ತ ಎಳೆದು, ಸೃಷ್ಟಿ ಎಂಬ ಮೂರು ವರ್ಷದ ಮಗುವಿಗೆ ಚುಚ್ಚಿದಳು. ಚುಚ್ಚಿದ್ದು ಸೂಜಿಗೂ ಗೊತ್ತಾಗಲಿಲ್ಲ. ಮಗು ಬಾಯಿ ತೆರೆದು ಹುಲಿಗೆಮ್ಮನ ದನಿಯಲ್ಲೇ ಕೂಗಿತು: "ಅವ್ವಾ!"

ಮೇಡಂ ನೂರಕ್ಕೆ ನೂರು ಬರೆದರು.

ವರಾಂಡದಲ್ಲಿ ಮಗಳಿಗಾಗಿ ಕಾಯುತ್ತಿದ್ದ ಹುಲಿಗೆಮ್ಮನ ತಾಯಿ ಆ ದನಿ ಕೇಳಿ ಓಡಿ ಬಂದಳು. "ಬಂದೆ ನನ್ನ ಮಗಳ! ಮಾರಿ ಎಷ್ಟು ಬಾಡೇತಿ," ಎನ್ನುತ್ತ ಸೃಷ್ಟಿಯನ್ನು ಎತ್ತಿ ಎದೆಗವಚಿಕೊಂಡಳು. ಮಗು ಮತ್ತೆ ಕರೆಯಿತು, ತಾಯಿ ಮತ್ತೆ ಓಗೊಟ್ಟಳು. ಮಗುವನ್ನು ಎತ್ತಿಕೊಂಡೇ ಬಾಗಿಲತ್ತ ನಡೆದಳು.

"ಅ... ಅ..." ಎಂದಳು ಹುಲಿಗೆಮ್ಮ.

ತಾಯಿ ತಿರುಗಿ ಗೌರವದಿಂದ ಕೇಳಿದಳು, "ಏನರ ಬೇಕಾಗಿತ್ತೇನ್ರಿ, ಸಿಸ್ಟರ್?"