ಬೂದು ಕೋಟಿನ ಗಿರಾಕಿ

ಬೂದು ಕೋಟು ತೊಟ್ಟು ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. ಕಟರ್, ಕತ್ತರಿ ಇಡುವ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಳು. ಆಮೇಲೆ ಕಾಲು ನೆನೆಸುವ ತೊಟ್ಟಿಯ ಅಂಚಿಗೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

ಅಂಗಡಿಯ ಯಜಮಾನಿ ಬೀಹ್ವಾ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದಳು.

ಚಿಯಾಯಿ ಪೇಟೆಯ ಆ ಸಾಲಿನಲ್ಲಿ ಉಗುರು ಕತ್ತರಿಸಿ ಪಾದ ಉಜ್ಜಿಕೊಡುವ ಅಂಗಡಿಗಳಿಗೆಲ್ಲ ಆಗ ಒಂದೇ ಹೆದರಿಕೆ. ಆರೋಗ್ಯ ಇಲಾಖೆಯವರು ಗಿರಾಕಿಗಳಂತೆ ಬಂದು ತಪಾಸಣೆ ಮಾಡುತ್ತಾರಂತೆ. ಹಿಂದಿನ ಓಣಿಯವಳೊಬ್ಬಳು ಒಬ್ಬರ ಪಾದ ಉಜ್ಜಿದ ಒರಟು ಪಟ್ಟಿಯಲ್ಲೇ ಇನ್ನೊಬ್ಬರ ಪಾದ ಉಜ್ಜಿ ಸಿಕ್ಕಿಬಿದ್ದು, ಅಂಗಡಿಯ ಬಾಗಿಲು ಹಾಕಿಕೊಂಡಿದ್ದಳು.

"ಅಕ್ಕಾ," ಹೊಸದಾಗಿ ಸೇರಿದ ಜೂಯಿನ್ ಪಿಸುಗುಟ್ಟಿದಳು, "ಕಾಲು ತೋರ್ಸೋಕೆ ಬಂದೋರು ಪೆಟ್ಟಿಗೆ ಯಾಕೆ ನೋಡ್ತಾರೆ?"

"ಬಾಯ್ಮುಚ್ಚು. ಹೋಗಿ ಟವೆಲ್ ಮಡಚು."

ಟವೆಲ್ ಮಡಚುವುದೇ ಜೂಯಿನ್‌ಳ ಕೆಲಸವಾಗಿತ್ತು. ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ಬಂದು ಸೇರಿದ್ದಳು. ತಿಂಗಳ ಕೊನೆಗೆ ಒಬ್ಬಳೇ ಒಂದು ಜೊತೆ ಪಾದ ಮುಗಿಸಿ ತೋರಿಸಬೇಕು, ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬೇಕು. ಹಾಗೆಂದವಳು ಬೀಹ್ವಾ. ಕಲಿಸದವಳೂ ಅವಳೇ. ಆ ಕಸುಬಿನಲ್ಲಿ ಹಳಬರ ರೀತಿಯೇ ಅದು. ಹೊಸಬರು ನೀರು ತುಂಬಬೇಕು, ನೆಲ ಒರೆಸಬೇಕು, ಕಣ್ಣಿಗೆ ಬಿದ್ದಷ್ಟು ಕಲಿಯಬೇಕು. ಬೀಹ್ವಾ ಕಣ್ಣಿಗೂ ಬೀಳಗೊಡುತ್ತಿರಲಿಲ್ಲ. ತನ್ನಲ್ಲಿ ಕಲಿತವಳೊಬ್ಬಳು ಎದುರಿಗೇ ಅಂಗಡಿ ಇಟ್ಟಂದಿನಿಂದ ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡುತ್ತಿದ್ದಳು.

ಬೂದು ಕೋಟಿನವಳು ಕೊನೆಗೂ ಕುಳಿತಳು. ಬೀಹ್ವಾ ಸ್ಟೂಲು ಎಳೆದುಕೊಂಡಳು.

"ನೀವು ಬೇಡ. ಆ ಹೊಸಬಳು ಮಾಡ್ಲಿ. ನೀವು ಪಕ್ಕದಲ್ಲಿ ನಿಂತು ಹೇಳ್ಕೊಡಿ. ಹೇಗೆ ಹೇಳ್ಕೊಡ್ತೀರಿ ಅಂತ ನಾನೂ ನೋಡ್ಬೇಕು."

ಹೊಸಬಳೆಂದು ಈಕೆಗೆ ಹೇಗೆ ತಿಳಿಯಿತು? ಇಲಾಖೆಯವರಿಗೆ ಎಲ್ಲವೂ ತಿಳಿದಿರುತ್ತದೆ, ಎಂದುಕೊಂಡಳು ಬೀಹ್ವಾ. ದನಿ ಸಿಹಿಯಾಯಿತು.

"ಬಾಮ್ಮ ಜೂಯಿನ್. ದಿನಾ ಹೇಳ್ತೀನಲ್ಲ, ಮೊದಲು ಏನು?"

ಜೂಯಿನ್ ಟವೆಲ್ ಎತ್ತಿಕೊಂಡಳು.

"ಕೈ ತೊಳ್ಕೊಳ್ಳೋದು!" ಬೀಹ್ವಾ ಹಲ್ಲು ಕಚ್ಚಿಕೊಂಡು ನಕ್ಕಳು. "ಆಮೇಲೆ ಕೇಳೋದು. ಸಕ್ಕರೆ ಕಾಯಿಲೆ ಇದ್ಯಾ, ರಕ್ತ ತೆಳು ಮಾಡೋ ಮಾತ್ರೆ ನುಂಗ್ತೀರಾ, ಕಾಲಲ್ಲಿ ಗಾಯ ಇದ್ಯಾ. ಇದ್ರೆ ಮೊದ್ಲು ಡಾಕ್ಟರ ಹತ್ರ."

"ಯಾಕೆ?" ಎಂದಳು ಗಿರಾಕಿ.

"ಸಣ್ಣ ಗೀರು ಬಿದ್ರೂ ಅಂಥೋರಿಗೆ ಕಷ್ಟ ಮೇಡಂ."

ಗಿರಾಕಿಗೆ ಯಾವುದೂ ಇರಲಿಲ್ಲ. ತೊಟ್ಟಿಯನ್ನು ಸೋಪಿನಿಂದ ಉಜ್ಜಿ, ಕ್ರಿಮಿ ಸಾಯುವ ಔಷಧ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕೆಂದು ಬೀಹ್ವಾ ಹೇಳಿದಳು. ಜೂಯಿನ್ ಕೈಯಲ್ಲಿ ಹಾಗೇ ಮಾಡಿಸಿದಳು ಕೂಡ. ಅಷ್ಟು ಹೊತ್ತು ಕಾಯುವುದು ಅವಳಿಗೂ ಹೊಸದು. ಹಬೆಯಲ್ಲಿ ಶುದ್ಧ ಮಾಡಿದ ಕಟರಿನ ಪೊಟ್ಟಣವನ್ನು ಗಿರಾಕಿಯ ಎದುರೇ ಬಿಚ್ಚಿಸಿದಳು. ಉಜ್ಜುವ ಪಟ್ಟಿಯನ್ನೂ ಹೊಸದೇ ತೆಗೆಸಿದಳು. "ಒಬ್ರಿಗೆ ಒಂದು. ಮುಗಿದ್ಮೇಲೆ ಕಸಕ್ಕೆ."

ಜೂಯಿನ್ ಉಗುರಿನ ಮೂಲೆಗೆ ಕಟರ್ ಇಳಿಸಿದಳು.

"ಅಯ್ಯೋ, ಮೂಲೆ ಕೆದಕ್ಬೇಡ! ನೇರವಾಗಿ ಕತ್ತರ್ಸು. ಇಲ್ದಿದ್ರೆ ಉಗುರು ಮಾಂಸದೊಳಕ್ಕೆ ಬೆಳಿಯುತ್ತೆ."

"ಈ ಹಿಮ್ಮಡಿ ಕಲ್ಲಾಗಿದೆ," ಎಂದಳು ಗಿರಾಕಿ. "ಬ್ಲೇಡಲ್ಲಿ ಕೆರೆದುಬಿಡಿ."

ಜೂಯಿನ್ ಬ್ಲೇಡಿಗೆ ಕೈ ಚಾಚಿದಳು. ಬೀಹ್ವಾ ಆ ಕೈಗೆ ಪಟ್ಟನೆ ಹೊಡೆದಳು.

"ಬ್ಲೇಡು ನಮ್ಮಲ್ಲಿ ಇಲ್ವೇ ಇಲ್ಲ ಮೇಡಂ!" ಎಂದಳು, ಬ್ಲೇಡನ್ನು ಟವೆಲಿನಡಿಗೆ ತಳ್ಳುತ್ತಾ. "ಪಟ್ಟಿಯಲ್ಲಿ ಮೆಲ್ಲಗೆ ಉಜ್ಜೋದು. ಪೂರ್ತಿ ತೆಗೀಲೂಬಾರ್ದು."

"ಎಷ್ಟು ಒತ್ಬೇಕು? ಅವಳ ಕೈ ಹಿಡಿದು ತೋರ್ಸಿ."

ಬೀಹ್ವಾ ಹಿಡಿದಳು. ಎದುರು ಅಂಗಡಿ ಎದ್ದ ಮೇಲೆ ಅವಳು ಯಾರ ಕೈಯನ್ನೂ ಹಾಗೆ ಹಿಡಿದಿರಲಿಲ್ಲ. ಹಿಡಿದ ಮೇಲೆ, ಯಾಕೋ, ಬೇಗ ಬಿಡಲೂ ಇಲ್ಲ.

ಎರಡನೆಯ ಪಾದವನ್ನು ಜೂಯಿನ್ ಒಬ್ಬಳೇ ಮುಗಿಸಿದಳು. ಬೀಹ್ವಾ ಬಾಯಿ ಹಾಕಬೇಕಾಗಲಿಲ್ಲ.

ಗಿರಾಕಿ ದುಡ್ಡು ಕೊಡಲೆಂದು ಚೀಲ ತೆರೆದಾಗ ಬೀಹ್ವಾ ಎರಡೂ ಕೈ ಅಡ್ಡ ಹಿಡಿದಳು. "ಬೇಡ, ಬೇಡ! ಏನಾದ್ರೂ ತಪ್ಪು ಕಾಣ್ತಾ ಮೇಡಂ?"

"ಕೆಲಸ ಚೆನ್ನಾಗಿ ಗೊತ್ತು ನಿಮ್ಗೆ," ಎಂದಳು ಆಕೆ. "ಹೀಗೇ ಕಲಿಸ್ತಾ ಇರಿ."

ಆಕೆ ತಿರುವಿನಲ್ಲಿ ಮರೆಯಾದೊಡನೆ ಬೀಹ್ವಾ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. "ಬದುಕಿದ್ವಿ ಕಣೆ! ನಾಳೆಯಿಂದ ನೀನೇ ಗಿರಾಕಿ ನೋಡ್ಕೋ. ತಿಂಗಳ ಕೊನೆ ಪರೀಕ್ಷೆನೂ ಬೇಡ, ಏನೂ ಬೇಡ. ಆಯಮ್ಮ ಮತ್ತೆ ಬಂದಾಗ ನೀನು ಟವೆಲ್ ಮಡಚ್ತಾ ಕೂತಿದ್ರೆ ನನ್ನ ಕಥೆ ಮುಗೀತು."

ಜೂಯಿನ್ ತಲೆ ತಗ್ಗಿಸಿ ಹೂಂಗುಟ್ಟಿ ಊಟಕ್ಕೆ ಹೊರಟಳು. ಎರಡು ಬೀದಿಯಾಚೆ ಟರ್ಕಿ ಕೋಳಿ ಅನ್ನದ ಸಣ್ಣ ಅಂಗಡಿ. ಗೋಡೆಯ ಮೊಳೆಗೆ ಬೂದು ಕೋಟು ನೇತುಹಾಕಿತ್ತು. ಬಿಸಿ ಅನ್ನದ ಬಟ್ಟಲು ತಂದಿಟ್ಟವಳ ಕಿವಿಯ ಹತ್ತಿರ ಬಾಗಿ, ನಗು ತಡೆಯಲಾರದೆ ಹೇಳಿದಳು:

"ಅತ್ತೇ, ರಕ್ತ ಬಂದ್ರೆ ಏನ್ಮಾಡ್ಬೇಕು ಅಂತ ಕೇಳೋದೇ ಮರೆತ್ಬಿಟ್ರಲ್ಲ, ಬರೋ ವಾರ ಮಾವನ್ನ ಕಳ್ಸಿ!"