ಹಾಸಿಗೆಯ ಮೇಲಿನ ಸೈಕಲ್

ಯಂತ್ರ ಚೀರಿಕೊಂಡಿತು. ಡಯಾಲಿಸಿಸ್ ಹಾಸಿಗೆಯ ತುದಿಗೆ ಕಟ್ಟಿದ್ದ ವ್ಯಾಯಾಮದ ಸೈಕಲ್ ಪೆಡಲ್ ತುಳಿಯುತ್ತಿದ್ದ ನಮುಕೋಲೊಳ ಕಾಲುಗಳು ಥಟ್ಟನೆ ನಿಂತವು. ಅವಳ ರಕ್ತ ಆ ಯಂತ್ರದ ಕೊಳವೆಗಳಲ್ಲಿ ಸುತ್ತುತ್ತಿತ್ತು.

"ಹೇಳಿರಲಿಲ್ವಾ ಸಿಸ್ಟರ್, ಈ ವ್ಯಾಯಾಮ ನನ್ನನ್ನ ಕೊಲ್ಲುತ್ತೆ ಅಂತ!"

"ಸಾಯೋರು ಇಷ್ಟು ಜೋರಾಗಿ ಬಯ್ಯಲ್ಲ ಮಗಳೇ," ಎಂದ ಎದುರು ಹಾಸಿಗೆಯ ಮುದುಕ ಮುಲೆಂಗಾ.

ನರ್ಸ್ ಕೊಳವೆ ಪರೀಕ್ಷಿಸುತ್ತಾ ಬಂದು, ಸೂಜಿ ಚುಚ್ಚಿದ್ದ ಕೈಯ ಬಳಿ ನಿಂತಳು. ಸೊಂಟಕ್ಕೆ ಸುತ್ತಿದ್ದ, ಮಂಡಿಯಿಂದ ಜಾರುತ್ತಿದ್ದ ಚಿಟೆಂಗೆ ಬಟ್ಟೆಯನ್ನು ನಮುಕೋಲೊ ಅದೇ ಕೈ ಮಡಚಿ ಬಿಗಿಯಾಗಿ ಹಿಡಿದಿದ್ದಳು.

"ಕಾಲಿನ ತಪ್ಪಲ್ಲಮ್ಮಾ. ಹೀಗೆ ಕೈ ಮಡಚಿದ್ರೆ ರಕ್ತ ಹೇಗೆ ಹರಿಯುತ್ತೆ? ಬಟ್ಟೆ ಬಿಡಿ."

"ಹಿರಿಯರ ಮುಂದೆ ತೊಡೆ ತೋರಿಸಲಾ?"

ಮುಲೆಂಗಾ ಮುಖ ತಿರುಗಿಸಿಕೊಂಡ. "ನಾನು ಗೋಡೆ ನೋಡ್ತೀನಿ. ನೀನು ತುಳಿ."

ಅವಳು ಬೆರಳು ಸಡಿಲಿಸಿ ಕೈ ಚಾಚಿದಳು. ನರ್ಸ್ ಗುಂಡಿ ಒತ್ತಿದಾಗ ಯಂತ್ರ ಸುಮ್ಮನಾಯಿತು. ನಮುಕೋಲೊ ಬಲಗಾಲಿನಿಂದ ಪೆಡಲನ್ನು ಕೆಳಗೆ ಒತ್ತಿದಳು.